ಪಾಪರ್ ಅರ್ಜಿ ಹಾಕುವ ಮುನ್ನ ಮನೆಯ ಲೆಕ್ಕ ಹೇಗಿರಬೇಕು?

ಸಾಲ ತೀರಿಸುವುದು ಇನ್ನು ಸಾಧ್ಯವಿಲ್ಲ ಎಂದು ಮನಸ್ಸಿಗೆ ಗೊತ್ತಾದ ಮೇಲೂ ಬಹಳಷ್ಟು ಜನ ತಿಂಗಳುಗಟ್ಟಲೆ ದಿನ ತಳ್ಳುತ್ತಾರೆ. ಒಂದು ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಇನ್ನೊಂದರಿಂದ ಕಟ್ಟುತ್ತಾರೆ. ಭವಿಷ್ಯ ನಿಧಿಯ ಹಣ ತೆಗೆದು ಬಡ್ಡಿಗೆ ಸುರಿಯುತ್ತಾರೆ. ನೆಂಟರ ಕೈಸಾಲವನ್ನಾದರೂ ಮರ್ಯಾದೆಯಿಂದ ತೀರಿಸೋಣ ಎಂದು ಇದ್ದಬದ್ದ ಒಡವೆ ಮಾರುತ್ತಾರೆ. ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಕೊಡುತ್ತಾರೆ. ಇದೆಲ್ಲ ಮುಗಿದ ಮೇಲೆ ವಕೀಲರ ಬಳಿ ಹೋಗಿ ಪಾಪರ್ ಅರ್ಜಿಯ, ಅಂದರೆ ತನ್ನನ್ನು ದಿವಾಳಿ ಎಂದು ಘೋಷಿಸಲು ನ್ಯಾಯಾಲಯವನ್ನು ಕೇಳುವ ಅರ್ಜಿಯ, ಮಾತು ತೆಗೆಯುತ್ತಾರೆ. ಅಷ್ಟರಲ್ಲಿ ಅರ್ಜಿಗೆ ಬೇಕಾದ ಕಾಗದಗಳು ಕೈಬಿಟ್ಟಿರುತ್ತವೆ, ಅರ್ಜಿಯನ್ನು ಕೆಡಿಸುವ ವ್ಯವಹಾರಗಳು ದಾಖಲೆಗೆ ಸೇರಿರುತ್ತವೆ. ಕೆಟ್ಟ ಉದ್ದೇಶದಿಂದ ಹೀಗೆ ಮಾಡುವವರು ಕಡಿಮೆ. ಗಾಬರಿ ಮತ್ತು ಮರ್ಯಾದೆಯ ಭಯವೇ ಇದಕ್ಕೆಲ್ಲ ಕಾರಣ. ಅದಕ್ಕಾಗಿಯೇ ಅರ್ಜಿಗೆ ಮುಂಚಿನ ತಿಂಗಳುಗಳ ಬಗ್ಗೆ ಬಿಡಿಸಿ ಹೇಳಬೇಕಾಗಿದೆ.

ಯಾವ ಕಾನೂನು, ಯಾವ ನ್ಯಾಯಾಲಯ

ಇಲ್ಲಿ ದೊಡ್ಡ ಗೊಂದಲವಿದೆ. 2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ, ಬಂದ ಮೇಲೆ ಹಳೆಯ ಕಾನೂನುಗಳೆಲ್ಲ ಹೋದವು ಎಂದು ಅನೇಕರು ತಿಳಿದಿದ್ದಾರೆ. ಆ ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳ ದಿವಾಳಿಯ ಬಗ್ಗೆಯೇ ಇದೆ, ನಿಜ. ಆದರೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಸ್ವಂತ ಜಾಮೀನು ನಿಂತವರಿಗೆ ಮಾತ್ರ. ಸಂಬಳದಾರರು, ಅಂಗಡಿ ನಡೆಸುವವರು, ರೈತರು ಇದರೊಳಗೆ ಬರುವುದಿಲ್ಲ. ಅವರಿಗೆ ಇವತ್ತಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕೋಲ್ಕತ್ತ, ಮುಂಬೈ, ಚೆನ್ನೈ ನಗರಗಳಿಗೆ ಮಾತ್ರ 1909ರ ಬೇರೆ ಕಾಯ್ದೆ ಇದೆ. ವಾರ್ಷಿಕ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದವರಿಗೆ ‘ಹೊಸ ಆರಂಭ’ ಎಂಬ ಸುಲಭ ದಾರಿ ಇದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರಲ್ಲ, ಅದು ಸಂಹಿತೆಯ ಪುಟದಲ್ಲಷ್ಟೇ ಇದೆ. ಅದನ್ನು ನಂಬಿ ಯಾರಿಗೂ ಶುಲ್ಕ ಕಟ್ಟಬೇಡಿ.

1920ರ ಕಾಯ್ದೆಯಡಿ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಸರ್ಕಾರ ಆ ಅಧಿಕಾರ ಕೊಟ್ಟಿರುವ ಕೆಳಹಂತದ ನ್ಯಾಯಾಲಯಕ್ಕೆ. ಸಾಲ ತೀರಿಸಲು ಶಕ್ತಿಯಿಲ್ಲ ಎನ್ನುವುದರ ಜೊತೆಗೆ ಮೂರರಲ್ಲಿ ಒಂದು ಇರಬೇಕು: ಸಾಲ 500 ರೂಪಾಯಿಯಷ್ಟಾದರೂ ಇರಬೇಕು, ಅಥವಾ ಹಣದ ಡಿಕ್ರಿಯ (ಹಣ ಕಟ್ಟಬೇಕೆಂಬ ನ್ಯಾಯಾಲಯದ ತೀರ್ಪಿನ) ಜಾರಿಯಲ್ಲಿ ಬಂಧನವಾಗಿರಬೇಕು, ಅಥವಾ ಆಸ್ತಿ ಜಪ್ತಿಯ ಆದೇಶ ಜಾರಿಯಲ್ಲಿರಬೇಕು. 500 ರೂಪಾಯಿ ಎಂಬುದು ನೂರು ವರ್ಷದ ಹಿಂದಿನ ಅಂಕಿ, ಹಾಗೇ ಉಳಿದಿದೆ. ಹಾಗಾಗಿ ಬಾಗಿಲು ಅಗಲವಾಗಿದೆ. ಕಷ್ಟವಿರುವುದು ಒಳಗೆ ಹೋದ ಮೇಲೆ.

ಅರ್ಜಿ ಕೊಟ್ಟ ದಿನವೇ ವಸೂಲಿಯ ಫೋನುಗಳು ನಿಲ್ಲುತ್ತವೆ ಎಂಬುದೂ ತಪ್ಪು ತಿಳಿವಳಿಕೆ. ಸಾಲ ಕೊಟ್ಟವರು ಹೊಸ ದಾವೆ ಹೂಡಲು ನ್ಯಾಯಾಲಯದ ಅನುಮತಿ ಬೇಕಾಗುವುದು, ಆಸ್ತಿಯು ಅದನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವ ರಿಸೀವರ್ ಕೈಗೆ ಹೋಗುವುದು, ಇವೆಲ್ಲ ದಿವಾಳಿ ಎಂದು ಘೋಷಣೆಯಾದ ಮೇಲೆ. ಬಂಧನದಿಂದ ರಕ್ಷಣೆಗೂ ಪ್ರತ್ಯೇಕ ಅರ್ಜಿ ಹಾಕಬೇಕು. ಘೋಷಣೆಯ ಪರಿಣಾಮವನ್ನು ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕ ಹಾಕುತ್ತಾರೆ, ಆದರೆ ನಡುವಿನ ತಿಂಗಳುಗಳನ್ನು ನೀವೇ ದಾಟಬೇಕು. ಮನೆಯ ಲೆಕ್ಕ ಸರಿ ಇರಬೇಕು ಎನ್ನುವುದು ಇದಕ್ಕೇ.

ಮೂರು ತಿಂಗಳು, ಎರಡು ವರ್ಷ, ಮೂರು ವರ್ಷ

ನ್ಯಾಯಾಲಯ ನಿಮ್ಮ ಹಿಂದಿನ ಬದುಕನ್ನು ಮೂರು ಅಳತೆಗೋಲಿನಿಂದ ನೋಡುತ್ತದೆ. ಇದನ್ನು ಮೊದಲೇ ತಿಳಿದವರು ಅರ್ಧ ಅಪಾಯದಿಂದ ಪಾರಾದಂತೆ.

ಮೂರು ತಿಂಗಳ ಅಳತೆ ಕಾಯ್ದೆಯ 54ನೇ ಕಲಮಿನಲ್ಲಿದೆ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ, ಸಾಲ ಕೊಟ್ಟ ಉಳಿದವರನ್ನು ಬಿಟ್ಟು ಒಬ್ಬರಿಗೆ ಅನುಕೂಲವಾಗಲೆಂದೇ ಹಣ ಕಟ್ಟಿದ್ದರೆ ಅಥವಾ ಆಸ್ತಿ ಕೊಟ್ಟಿದ್ದರೆ ಆ ವ್ಯವಹಾರ ಅನೂರ್ಜಿತ. ರಿಸೀವರ್ ಆ ಹಣವನ್ನು ವಾಪಸ್ ಕೇಳಬಹುದು. ಬ್ಯಾಂಕಿಗೆ ಕಂತು ತಪ್ಪಿಸಿ ಅಣ್ಣನಿಗೆ ಎರಡು ಲಕ್ಷ ತೀರಿಸಿದ್ದರೆ ಅಣ್ಣ ನ್ಯಾಯಾಲಯಕ್ಕೆ ಬಂದು ಉತ್ತರ ಕೊಡಬೇಕಾಗುತ್ತದೆ. ನೀವು ಕಾಪಾಡಲು ಹೊರಟ ಮನುಷ್ಯನನ್ನೇ ಕಟಕಟೆಗೆ ಎಳೆದಂತಾಯಿತು. ಯಾವ ಉದ್ದೇಶದಿಂದ ಕೊಟ್ಟಿರಿ ಎಂಬುದನ್ನು ನ್ಯಾಯಾಲಯ ನೋಡುತ್ತದೆ, ಆದ್ದರಿಂದ ಈ ತಿಂಗಳ ಬಾಡಿಗೆ, ಕರೆಂಟ್ ಬಿಲ್, ಔಷಧಿ, ಮಕ್ಕಳ ಶಾಲೆಯ ಶುಲ್ಕದಂಥ ನಡೆಯುವ ಖರ್ಚಿಗೆ ಹೆದರಬೇಕಿಲ್ಲ. ಹಳೆಯ ಸಾಲವನ್ನು ಆಯ್ದು ತೀರಿಸುವುದು ಬೇಡ, ಅಷ್ಟೆ.

ಎರಡು ವರ್ಷದ ಅಳತೆ 53ನೇ ಕಲಮಿನದು. ಆಸ್ತಿ ವರ್ಗಾಯಿಸಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಬಿದ್ದು ದಿವಾಳಿ ಘೋಷಣೆಯಾದರೆ, ಆ ವರ್ಗಾವಣೆಯನ್ನು ನ್ಯಾಯಾಲಯ ರದ್ದುಪಡಿಸಬಹುದು. ಸರಿಯಾದ ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವರಿಗೆ ರಕ್ಷಣೆ ಇದೆ. ದಾನಪತ್ರ, ಬೆಲೆಯಿಲ್ಲದ ಹಕ್ಕು ಬಿಡುಗಡೆ ಪತ್ರ, ನೆಂಟರಿಗೆ ಅರ್ಧ ಬೆಲೆಯ ಕ್ರಯಪತ್ರ ಇವು ಮೊದಲು ಕಣ್ಣಿಗೆ ಬೀಳುವಂಥವು, ಯಾಕೆಂದರೆ ಋಣಭಾರ ಪತ್ರ (ಇ.ಸಿ.) ತೆಗೆಸಿದರೆ ಸಾಕು, ಗೊತ್ತಾಗುತ್ತದೆ. ಇಷ್ಟಕ್ಕೇ ಮುಗಿಯುವುದೂ ಇಲ್ಲ. ಸಾಲ ಕೊಟ್ಟವರನ್ನು ವಂಚಿಸಲು ಆಸ್ತಿ ವರ್ಗಾಯಿಸುವುದೇ ಒಂದು ‘ದಿವಾಳಿ ಕೃತ್ಯ’. ಅದರ ಆಧಾರದ ಮೇಲೆ ಅವರೇ ನಿಮ್ಮ ಮೇಲೆ ದಿವಾಳಿ ಅರ್ಜಿ ಹಾಕಬಹುದು. ಅದಕ್ಕೆ ಅವರಿಗೂ ಮೂರು ತಿಂಗಳ ಗಡುವಿದೆ.

ಮೂರು ವರ್ಷದ ಅಳತೆ ಲೆಕ್ಕಪುಸ್ತಕಗಳದ್ದು. ಇದು ಋಣಮುಕ್ತಿ, ಅಂದರೆ ತೀರದೆ ಉಳಿದ ಸಾಲದಿಂದ ಬಿಡುಗಡೆ, ಕೇಳುವಾಗ ಎದುರಾಗುತ್ತದೆ. ಅರ್ಜಿಗೆ ಹಿಂದಿನ ಮೂರು ವರ್ಷ ವ್ಯಾಪಾರಕ್ಕೆ ತಕ್ಕ ಲೆಕ್ಕ ಇಟ್ಟಿಲ್ಲ, ಆಸ್ತಿ ಕರಗಿದ್ದು ಹೇಗೆಂದು ಸಮಾಧಾನಕರ ವಿವರಣೆ ಇಲ್ಲ, ತೀರಿಸುವ ಭರವಸೆಯಿಲ್ಲದೆ ಸಾಲ ಮಾಡಲಾಗಿದೆ, ಜೂಜು ಅಥವಾ ದುಂದು ಜೀವನದಿಂದ ದಿವಾಳಿಯಾಗಿದೆ ಎಂದು ಕಂಡರೆ 42ನೇ ಕಲಮಿನ ಪ್ರಕಾರ ಪೂರ್ಣ ಋಣಮುಕ್ತಿ ಸಿಗುವುದಿಲ್ಲ. ಆಸ್ತಿಯಿಂದ ಸಾಲದ ಪ್ರತಿ ರೂಪಾಯಿಗೆ ಎಂಟಾಣೆಯಾದರೂ, ಅಂದರೆ ಅರ್ಧವಾದರೂ, ಹುಟ್ಟದಿದ್ದರೆ ಅದೂ ಅಡ್ಡಿಯೇ. ಅದು ನಿಮ್ಮ ಕೈಮೀರಿದ ಕಾರಣದಿಂದ ಆದದ್ದೆಂದು ನೀವು ತೋರಿಸಿಕೊಡಬೇಕು. ಕಾಯಿಲೆಯ ಆಸ್ಪತ್ರೆ ಬಿಲ್ಲು, ಕೆಲಸದಿಂದ ತೆಗೆದ ಪತ್ರ, ಬೆಳೆ ನಷ್ಟದ ದಾಖಲೆ, ಮೋಸ ಹೋಗಿದ್ದರೆ ಕೊಟ್ಟ ಪೊಲೀಸ್ ದೂರಿನ ಪ್ರತಿ ಇವುಗಳನ್ನು ಈಗಲೇ ಒಂದು ಕಡತದಲ್ಲಿ ಹಾಕಿಡಿ. ಎರಡು ವರ್ಷ ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ಸಾಲ ಮಾಡುವಾಗ ತೀರಿಸುವ ನಂಬಿಕೆ ಇತ್ತು ಎಂದು ರುಜುವಾತುಪಡಿಸುವ ಹೊರೆಯೂ ಸಾಲ ಮಾಡಿದವರದ್ದೇ. ಅದಕ್ಕಾಗಿಯೇ ಕಾರ್ಡ್ ಉಜ್ಜುವುದನ್ನು, ಆ್ಯಪ್‌ಗಳಲ್ಲಿ ಹೊಸ ಸಾಲ ಎತ್ತುವುದನ್ನು ಈ ಕ್ಷಣವೇ ನಿಲ್ಲಿಸಬೇಕು. ದಿವಾಳಿಯ ಯೋಚನೆ ಬಂದ ಮೇಲೆ ಮಾಡಿದ ಪ್ರತಿ ಸಾಲವೂ ನಿಮ್ಮ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ.

ಸಾಲದ ಪಟ್ಟಿ

ಅರ್ಜಿಯಲ್ಲಿ ಪ್ರತಿ ಸಾಲದ ಮೊತ್ತ, ಸಾಲ ಕೊಟ್ಟವರ ಹೆಸರು ಮತ್ತು ವಿಳಾಸ ಕೊಡಬೇಕು. ನೆನಪಿನಿಂದ ಬರೆದ ಪಟ್ಟಿ ಯಾವಾಗಲೂ ಅಪೂರ್ಣ. ಮೊದಲು ಕ್ರೆಡಿಟ್ ವರದಿ ತರಿಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತರಿಸಿ, ಒಂದರಲ್ಲಿ ಇಲ್ಲದ ಸಾಲ ಇನ್ನೊಂದರಲ್ಲಿ ಇರಬಹುದು. ಆ್ಯಪ್ ಸಾಲದಲ್ಲಿ ಆ್ಯಪಿನ ಹೆಸರು ಬರೆದರೆ ಪ್ರಯೋಜನವಿಲ್ಲ, ಅದರ ಹಿಂದೆ ಹಣ ಕೊಟ್ಟ ಬ್ಯಾಂಕು ಅಥವಾ ಹಣಕಾಸು ಕಂಪನಿಯೇ ನಿಮಗೆ ಸಾಲ ಕೊಟ್ಟವರು. ಸಾಲದ ಒಪ್ಪಂದದಲ್ಲಿ ಮತ್ತು ಕ್ರೆಡಿಟ್ ವರದಿಯಲ್ಲಿ ಆ ಹೆಸರು ಇರುತ್ತದೆ.

ಕೈಸಾಲ, ಚೀಟಿಯ ಬಾಕಿ, ಅಂಗಡಿಯ ಉದ್ದರಿ, ಸಂಘದ ಸಾಲ ಸಾಮಾನ್ಯವಾಗಿ ಈ ವರದಿಗಳಲ್ಲಿ ಸಿಗುವುದಿಲ್ಲ. ಇವುಗಳಿಗೆ ಒಂದು ನೋಟ್‌ಬುಕ್ ಮಾಡಿ: ಯಾರಿಂದ, ಯಾವ ದಿನ, ಎಷ್ಟು, ಬಡ್ಡಿ ಎಷ್ಟು, ಈವರೆಗೆ ಕೊಟ್ಟದ್ದೆಷ್ಟು, ಪ್ರೋನೋಟು ಇದೆಯೇ, ಖಾಲಿ ಚೆಕ್ ಕೊಟ್ಟಿದ್ದೀರಾ, ಜಾಮೀನು ಯಾರು. ಕೊಟ್ಟ ಚೆಕ್‌ಗಳ ಸಂಖ್ಯೆಯನ್ನೂ ಬರೆಯಿರಿ. ನಿಮಗೆ ಬರಬೇಕಾದ ಹಣಕ್ಕೂ ಒಂದು ಪುಟ ಇರಲಿ, ಅದೂ ಆಸ್ತಿಯೇ. ನೆಂಟರ ಸಾಲವನ್ನು ನಾಚಿಕೆಯಿಂದ ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಅವರಿಗೆ ಪಾಲು ಸಿಗುವುದಿಲ್ಲ, ಅರ್ಜಿಯಲ್ಲಿ ನೀವು ಪ್ರಮಾಣ ಮಾಡಿ ಹೇಳಿದ್ದೂ ಸುಳ್ಳಾಗುತ್ತದೆ.

ಹಳೆಯ ಸಾಲದ ವಿಚಾರದಲ್ಲಿ ಒಂದು ಎಚ್ಚರಿಕೆ. ಪ್ರೋನೋಟಿನಂಥ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆ ಅವಧಿ ಮುಗಿಯುವ ಮೊದಲು ‘ಸಾಲ ಇರುವುದು ನಿಜ’ ಎಂದು ಬರೆದು ಸಹಿ ಹಾಕಿದರೆ, ಅಥವಾ ಒಂದಿಷ್ಟು ಹಣ ಕೊಟ್ಟು ಅದನ್ನು ಬರಹದಲ್ಲಿ ಒಪ್ಪಿದರೆ ಮೂರು ವರ್ಷ ಮತ್ತೆ ಮೊದಲಿಂದ ಶುರು. ಬಾಗಿಲಿಗೆ ಬಂದವರನ್ನು ಸಾವಿರ ರೂಪಾಯಿ ಕೊಟ್ಟು ಕಳಿಸಿದ್ದು ಹೀಗೆ ತಿರುಗಿ ಬರುತ್ತದೆ. ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಬ್ಯಾಂಕ್ ಖಾತೆ, ಕಂತು, ಚೆಕ್

ಸಂಬಳ ಬೀಳುವ ಖಾತೆ ಮತ್ತು ಸಾಲ ಒಂದೇ ಬ್ಯಾಂಕಿನಲ್ಲಿದ್ದರೆ, ಸುಸ್ತಿಯಾದ ಕೂಡಲೇ ಬ್ಯಾಂಕು ಖಾತೆಯ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳಬಹುದು. ತಿಂಗಳ ಮೊದಲ ದಿನವೇ ಮನೆ ಖರ್ಚು ಖಾಲಿ. ಸಾಲವಿಲ್ಲದ ಬ್ಯಾಂಕಿನಲ್ಲಿ ಸಾದಾ ಉಳಿತಾಯ ಖಾತೆ ತೆರೆದು, ಸಂಬಳ ಅಲ್ಲಿಗೆ ಬರುವಂತೆ ಕಚೇರಿಗೆ ಬರೆದುಕೊಡುವುದು ತಪ್ಪಲ್ಲ. ಆ ಖಾತೆಯನ್ನು ಅರ್ಜಿಯಲ್ಲಿ ತೋರಿಸದಿದ್ದರೆ ಮಾತ್ರ ಅದು ಆಸ್ತಿ ಮುಚ್ಚಿಟ್ಟಂತೆ. ವಂಚನೆಯಿಂದ ಲೆಕ್ಕಪುಸ್ತಕ, ಆಸ್ತಿ ಮುಚ್ಚಿಡುವುದು ಒಂದು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ಕಂತುಗಳು ತಾನಾಗಿಯೇ ಕಡಿತವಾಗುವ ನ್ಯಾಚ್ ಮ್ಯಾಂಡೇಟ್‌ಗಳು ಎಷ್ಟಿವೆ ಎಂದು ಹಳೆಯ ಖಾತೆಯಲ್ಲಿ ನೋಡಿ. ಹಣವಿಲ್ಲದೆ ಕಂತು ವಾಪಸಾದರೆ ಬ್ಯಾಂಕು ಒಂದು ಶುಲ್ಕ, ಸಾಲ ಕೊಟ್ಟವರು ಇನ್ನೊಂದು ಶುಲ್ಕ ಹಾಕುತ್ತಾರೆ. ಐದು ಸಾಲಗಳಿದ್ದರೆ ಶುಲ್ಕವೇ ಒಂದು ಸಾಲವಾಗಿ ಬೆಳೆಯುತ್ತದೆ. ಹಣದ ಕೊರತೆಯಿಂದ ಚೆಕ್ ಅಮಾನ್ಯವಾದರೆ ವಿನಿಮಯ ಪತ್ರಗಳ ಕಾಯ್ದೆಯ 138ನೇ ಕಲಮಿನಡಿ, ಮ್ಯಾಂಡೇಟ್ ಅಮಾನ್ಯವಾದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಅಥವಾ ಮೊತ್ತದ ಎರಡರಷ್ಟು ದಂಡ, ಇಲ್ಲವೇ ಎರಡೂ ಆಗಬಹುದು. ಇವು ಕ್ರಿಮಿನಲ್ ಪ್ರಕರಣಗಳು, ಪಾಪರ್ ಅರ್ಜಿ ಹಾಕಿದ ಮಾತ್ರಕ್ಕೆ ಬಿದ್ದುಹೋಗುವುದಿಲ್ಲ. ಕಟ್ಟಲಾಗದ ಮ್ಯಾಂಡೇಟನ್ನು ಕಂತಿನ ದಿನಕ್ಕೆ ಮುಂಚೆಯೇ ಲಿಖಿತವಾಗಿ ರದ್ದುಪಡಿಸಿ, ಸಾಲ ಕೊಟ್ಟವರಿಗೆ ಕಾರಣ ತಿಳಿಸಿ. ಸಾಲ ಹಾಗೇ ಇರುತ್ತದೆ, ವಾಪಸಾತಿಯ ಸರಣಿ ನಿಲ್ಲುತ್ತದೆ. ಚೆಕ್ ನೋಟಿಸ್ ಬಂದರೆ ಹಣ ಕಟ್ಟಲು 15 ದಿನವಷ್ಟೇ ಇರುತ್ತದೆ, ಲಕೋಟೆ ಒಡೆಯದೆ ಇಡಬೇಡಿ.

ಖಾತೆಯಲ್ಲಿದ್ದ ಹಣವನ್ನೆಲ್ಲ ನಗದಾಗಿ ತೆಗೆದು ಮನೆಯಲ್ಲಿಡುವುದು ಇನ್ನೊಂದು ಸಾಮಾನ್ಯ ತಪ್ಪು. ನಗದಿಗೆ ಗುರುತಿಲ್ಲ, ಅದು ದಿನಸಿಗೆ ಹೋಯಿತೋ ಬಚ್ಚಿಟ್ಟಿರೋ ಹೇಳುವವರಿಲ್ಲ. ಆದಷ್ಟು ಖರ್ಚು ಬ್ಯಾಂಕ್ ಮೂಲಕ ನಡೆಯಲಿ, ನಗದು ಖರ್ಚಿಗೆ ರಸೀದಿ ಇರಲಿ. ಕನಿಷ್ಠ ಮೂರು ತಿಂಗಳ ದಿನವಹಿ ಖರ್ಚು ಬರೆದಿಟ್ಟರೆ ‘ದುಂದು’ ಎಂಬ ಆರೋಪಕ್ಕೆ ಉತ್ತರ ಕೈಯಲ್ಲಿರುತ್ತದೆ. ವರ್ಷಕ್ಕೊಮ್ಮೆ ಬರುವ ವಿಮೆ, ಶಾಲೆಯ ದಾಖಲಾತಿ, ಗಾಡಿಯ ರಿಪೇರಿಯನ್ನು 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಿ. ಅದನ್ನು ಬಿಟ್ಟು ಮಾಡಿದ ಅಂದಾಜು ಮೂರನೇ ತಿಂಗಳಿಗೇ ಮುರಿದುಬೀಳುತ್ತದೆ.

ಏನು ಉಳಿಯುತ್ತದೆ

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಯಿಂದ ಹೊರಗಿರುವ ವಸ್ತುಗಳ ಪಟ್ಟಿಯಿದೆ. ಅವು ದಿವಾಳಿಯಲ್ಲೂ ರಿಸೀವರ್ ಕೈಗೆ ಹೋಗುವುದಿಲ್ಲ. ತೊಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣಗಳು, ಬೇಸಾಯಗಾರನಿಗೆ ಜೀವನೋಪಾಯಕ್ಕೆ ಬೇಕಾದ ಕೃಷಿ ಸಲಕರಣೆ, ದನ, ಬಿತ್ತನೆ ಬೀಜ, ಬೇಸಾಯಗಾರ ಮತ್ತು ಕೂಲಿಕಾರ ತಾನೇ ವಾಸವಿರುವ ಮನೆ ಇದರಲ್ಲಿವೆ. ಉಳಿದವರ ಮನೆಗೆ ಈ ರಕ್ಷಣೆ ಇಲ್ಲ. ಭವಿಷ್ಯ ನಿಧಿ, ಪಿಪಿಎಫ್, ಜೀವ ವಿಮೆಯ ಹಣವೂ ಈ ಪಟ್ಟಿಯಲ್ಲಿವೆ.

ಸಂಬಳದ ಲೆಕ್ಕ ಹೀಗೆ: ವಿನಾಯಿತಿಯ ಭತ್ಯೆಗಳನ್ನು ಬಿಟ್ಟು ಉಳಿದದ್ದರಲ್ಲಿ ಮೊದಲ 1,000 ರೂಪಾಯಿ, ಮಿಕ್ಕಿದ್ದರ ಮೂರನೇ ಎರಡು ಭಾಗ ಜಪ್ತಿಗೆ ಸಿಗುವುದಿಲ್ಲ. 31,000 ರೂಪಾಯಿ ಸಂಬಳವಿದ್ದರೆ 10,000 ಹೋಗಬಹುದು, 21,000 ಕೈಗೆ ಉಳಿಯುತ್ತದೆ. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ. ನಿಮ್ಮ ತಿಂಗಳ ಖರ್ಚಿನ ಅಂದಾಜನ್ನು ಈ ಉಳಿದ ಮೊತ್ತಕ್ಕೆ ಹೊಂದಿಸಿ ಈಗಲೇ ಬದುಕಿ ನೋಡಿ.

ಈ ಪಟ್ಟಿ ಓದಿದ ಮೇಲೆ ಭವಿಷ್ಯ ನಿಧಿ ತೆಗೆದು ಕ್ರೆಡಿಟ್ ಕಾರ್ಡಿಗೆ ಕಟ್ಟುವುದು ಎಂಥ ನಷ್ಟ ಎಂದು ತಿಳಿಯುತ್ತದೆ. ಸಾಲ ಕೊಟ್ಟ ಯಾರೂ ಮುಟ್ಟಲಾಗದಿದ್ದ ಹಣವನ್ನು ನೀವೇ ತೆಗೆದು, ಭದ್ರತೆಯಿಲ್ಲದ ಸಾಲಕ್ಕೆ ಹಾಕುತ್ತೀರಿ. ಅದರಿಂದ ಸಾಲ ಪೂರ್ತಿ ತೀರಿದರೆ ಬೇರೆ ಮಾತು. ಆರು ತಿಂಗಳ ಕಂತಿಗಷ್ಟೇ ಆಗುವುದಾದರೆ ದಯವಿಟ್ಟು ಅದಕ್ಕೆ ಕೈಹಾಕಬೇಡಿ, ಅದು ಮುಪ್ಪಿನ ಅನ್ನ.

ಅಡಮಾನ, ಜಾಮೀನು

ಮನೆ ಸಾಲ, ಗಾಡಿ ಸಾಲ, ಚಿನ್ನದ ಸಾಲ ಬೇರೆ ದಾರಿಯಲ್ಲಿ ಹೋಗುತ್ತವೆ. ದಿವಾಳಿ ಘೋಷಣೆಯಾದರೂ ಭದ್ರತೆ ಹಿಡಿದವರು ತಮ್ಮ ವಸ್ತುವನ್ನು ಮಾರಿಕೊಳ್ಳಬಹುದು. ಸಾಲ 90 ದಿನ ಸುಸ್ತಿಯಾದರೆ ಬ್ಯಾಂಕು ಅದನ್ನು ಎನ್‌ಪಿಎ (ವಸೂಲಾಗದ ಸಾಲ) ಎಂದು ಗುರುತಿಸುತ್ತದೆ, ಅಡಮಾನದ ಆಸ್ತಿಯನ್ನು ಬ್ಯಾಂಕು ತಾನೇ ವಶಕ್ಕೆ ಪಡೆಯಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು ಸ್ವಾಧೀನಕ್ಕೆ ಬರುತ್ತದೆ. ಕೃಷಿ ಭೂಮಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇಲ್ಲಿ ನಿಷ್ಠುರವಾಗಿ ಲೆಕ್ಕ ಹಾಕಬೇಕು. ಉಳಿಸಿಕೊಳ್ಳಲಾಗದ ಗಾಡಿಯನ್ನು ಹರಾಜಿಗೆ ಬಿಟ್ಟರೆ ಕಡಿಮೆ ಬೆಲೆ ಬರುತ್ತದೆ, ಮಿಕ್ಕ ಬಾಕಿ ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಸಾಲ ಕೊಟ್ಟವರ ಒಪ್ಪಿಗೆ ಪಡೆದು, ಮಾರುಕಟ್ಟೆ ಬೆಲೆಗೆ, ಹಣ ಬ್ಯಾಂಕ್ ಮೂಲಕವೇ ಬರುವಂತೆ ನೀವೇ ಮಾರುವುದು ಒಳ್ಳೆಯದು. ಎರಡು ಮೂರು ಕಡೆ ವಿಚಾರಿಸಿದ ಬೆಲೆಯ ದಾಖಲೆ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಕಷ್ಟದ ಮಾತು ಜಾಮೀನುದಾರರದ್ದು. ನಿಮಗೆ ಋಣಮುಕ್ತಿ ಸಿಕ್ಕರೂ ನಿಮಗಾಗಿ ಸಹಿ ಹಾಕಿದವರಿಗೆ ಬಿಡುಗಡೆಯಿಲ್ಲ, ಪೂರ್ತಿ ಬಾಕಿ ಅವರ ಮೇಲೆ ಬೀಳುತ್ತದೆ. ಸ್ನೇಹಿತನಿಗೆ ತೊಂದರೆಯಾಗದಿರಲಿ ಎಂದು ಅವನು ಜಾಮೀನಿರುವ ಸಾಲವನ್ನಷ್ಟೇ ತೀರಿಸಲು ಹೋದರೆ, ಮೇಲೆ ಹೇಳಿದ ಮೂರು ತಿಂಗಳ ನಿಯಮ ಎದುರಿಗೆ ನಿಲ್ಲುತ್ತದೆ. ಉಳಿದಿರುವ ಒಳ್ಳೆಯ ದಾರಿ ಒಂದೇ: ಅರ್ಜಿಗೆ ಸಾಕಷ್ಟು ಮುಂಚೆ ಅವರ ಮನೆಗೆ ಹೋಗಿ ಎದುರಿಗೆ ಕೂತು ಹೇಳುವುದು. ಮೊದಲೇ ತಿಳಿದರೆ ಅವರು ಬ್ಯಾಂಕಿನೊಡನೆ ಮಾತಾಡಬಹುದು, ಕಂತು ಮಾಡಿಸಿಕೊಳ್ಳಬಹುದು. ಸಮನ್ಸ್ ನೋಡಿ ತಿಳಿಯುವ ನೋವು ಅವರಿಗೆ ಬೇಡ.

ಅರ್ಜಿ ಬೇಡವಾಗುವ ಸಂದರ್ಭ

ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಹುಟ್ಟಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಋಣಮುಕ್ತಿಯಿಂದ ಅಳಿಯುವುದಿಲ್ಲ. ನಿಮ್ಮ ಹೊರೆಯ ಬಹುಪಾಲು ಇಂಥದ್ದೇ ಆಗಿದ್ದರೆ, ಅಥವಾ ಅಡಮಾನದ ಸಾಲವೇ ಆಗಿದ್ದರೆ, ಪಾಪರ್ ಆಗಿ ಸಿಗುವುದು ಅಲ್ಪ. ಇಬ್ಬರೋ ಮೂವರೋ ಸಾಲ ಕೊಟ್ಟವರಿದ್ದರೆ ಒಂದೇ ಸಲದ ಇತ್ಯರ್ಥ, ಕಂತಿನ ಮರುಹೊಂದಾಣಿಕೆ ಅಥವಾ ಲೋಕ ಅದಾಲತ್ ಮೊದಲು ನೋಡಬೇಕಾದ ದಾರಿಗಳು. ಇತ್ಯರ್ಥದ ಪತ್ರ ಕೈಗೆ ಬರುವ ಮೊದಲು ಹಣ ಕೊಡಬೇಡಿ. ಲೋಕ ಅದಾಲತ್ತಿನ ತೀರ್ಮಾನ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಕಟ್ಟಲಾಗದ ಮೊತ್ತಕ್ಕೆ ಅಲ್ಲಿನ ಗಡಿಬಿಡಿಯಲ್ಲಿ ಒಪ್ಪಬಾರದು. ವಕೀಲರ ಶುಲ್ಕ ಭರಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವಿದೆ.

ವಸೂಲಿಯವರ ಕಾಟಕ್ಕೆ ಹೆದರಿಯೇ ಅರ್ಜಿ ಹಾಕಬೇಕೆಂದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಕರೆ ಬಂದ ದಿನ, ಹೊತ್ತು, ಆಡಿದ ಮಾತು ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ಹೋಗಬಹುದು. ನೋಂದಣಿಯಿಲ್ಲದ ಲೇವಾದೇವಿಯವರ ದೌರ್ಜನ್ಯಕ್ಕೆ ಕರ್ನಾಟಕದಲ್ಲಿ 2025ರ ಫೆಬ್ರುವರಿಯ ಸುಗ್ರೀವಾಜ್ಞೆಯಿಂದ ಶುರುವಾದ ಪ್ರತ್ಯೇಕ ಕಾನೂನಿದೆ, ಹತ್ತು ವರ್ಷದವರೆಗೆ ಶಿಕ್ಷೆಯಿದೆ.

ಘೋಷಣೆಯಾದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಋಣಮುಕ್ತಿಗೆ ಯಾವಾಗಿನ ಒಳಗೆ ಅರ್ಜಿ ಹಾಕಬೇಕೆಂದು ಅದೇ ಆದೇಶದಲ್ಲಿ ನ್ಯಾಯಾಲಯ ಬರೆದಿರುತ್ತದೆ. ಆ ಗಡುವು ತಪ್ಪಿದರೆ, ಅಥವಾ ಅರ್ಜಿ ಹಾಕಿಯೂ ವಿಚಾರಣೆಯ ದಿನ ಹಾಜರಾಗದಿದ್ದರೆ, ಘೋಷಣೆಯೇ ರದ್ದಾಗಿ ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ. ಋಣಮುಕ್ತಿ ಸಿಗುವವರೆಗೆ ಪಿತ್ರಾರ್ಜಿತವಾಗಿಯೋ ಬೇರೆ ರೀತಿಯಲ್ಲೋ ಬಂದ ಹೊಸ ಆಸ್ತಿಯೂ ರಿಸೀವರ್ ಕೈಗೆ ಸೇರುತ್ತದೆ. ತಾನು ದಿವಾಳಿ ಎಂದು ತಿಳಿಸದೆ 50 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಸಾಲ ಪಡೆದರೆ ಆರು ತಿಂಗಳವರೆಗೆ ಜೈಲಾಗಬಹುದು. ಅಂಗಡಿಯಲ್ಲಿ ಉದ್ದರಿ ಬರೆಸುವುದಕ್ಕೂ ಈ ಮಾತು ಅನ್ವಯಿಸುತ್ತದೆ. ಆದೇಶದ ಪ್ರತಿ ಕೈಗೆ ಬಂದ ದಿನವೇ ಗಡುವಿನ ದಿನಾಂಕವನ್ನು ಮನೆಯ ಎಲ್ಲರಿಗೂ ಕಾಣುವಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಒಂದು ತಿಂಗಳು ಮುಂಚೆ ವಕೀಲರನ್ನು ಕಾಣಿ.